ಎರೆಮಣ್ಣಿನ ಕೆಳಗಿನ ಕಂಪೋಸಿಟರ್

ಪ್ರಶ್ನೆ: ನಾನು ಗದಗ-ಬೆಟಗೇರಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕಿ. ಮೊದಲ ಸಲ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ, ಇದುವರೆಗಿನ ಹಸ್ತಪ್ರತಿ ಜೊತೆಗಿದೆ. 1987ರ ಶ್ರಾವಣ. ನಾಲ್ಕು ದಿನ ಬಿಡದೆ ಸುರಿದ ಮಳೆಯ ರಾತ್ರಿ ಗದಗಿನ ಮುದ್ರಣಾಲಯವೊಂದರ ಕಂಪೋಸಿಟರ್, ಅಂದರೆ ಅಚ್ಚಿನ ಮೊಳೆ ಜೋಡಿಸುವವನು, ಕಾಣೆಯಾಗುತ್ತಾನೆ. ಪೊಲೀಸರು ಕೆಲವು ದಿನ ಹುಡುಕಿ ಕಡತ ಕಟ್ಟಿಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಅದೇ ಮಾಲೀಕರ ಹಳೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಕೆಡವುವಾಗ ಜೆಸಿಬಿಗೆ ಅಸ್ಥಿಪಂಜರ ಸಿಗುತ್ತದೆ. ಠಾಣೆಗೆ ಹೊಸದಾಗಿ ಬಂದ ಮಹಿಳಾ ಪಿಎಸ್‌ಐ ಪ್ರಕರಣವನ್ನು ಮತ್ತೆ ತೆರೆದು, ಡಿಎನ್‌ಎ ಪರೀಕ್ಷೆ ಮಾಡಿಸಿ, ಮಾಲೀಕರ ಮಗನಿಂದ ತಪ್ಪೊಪ್ಪಿಗೆ ಪಡೆಯುತ್ತಾಳೆ. ಜಮೀನಿನ ವ್ಯಾಜ್ಯಕ್ಕಾಗಿ ಇಪ್ಪತ್ತು ವರ್ಷ ಕೋರ್ಟು ಅಲೆದ ನಮ್ಮ ಮಾವನವರು ‘ಹನ್ನೆರಡು ವರ್ಷ ದಾಟಿದರೆ ಕೇಸೇ ನಿಲ್ಲುವುದಿಲ್ಲ’ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ‘ಏಳು ವರ್ಷಕ್ಕೇ ಮುಗಿಯಿತು’ ಎನ್ನುತ್ತಾರೆ. ಹಸ್ತಪ್ರತಿ ಓದಿದ ಗೆಳತಿ ‘ಗದಗದಲ್ಲಿ ಮಂಜಿಲ್ಲ, ಕಾಡಿಲ್ಲ, ಕಥೆಯನ್ನು ಶಿರಸಿ ಕಡೆಗೆ ಒಯ್ಯಿ’ ಎಂದಳು. ಇನ್ನೊಂದು ಮಾತು: ಕಥೆಯ ಬೀಜ ನನ್ನ ಅಜ್ಜಿ ಹೇಳಿದ ನಿಜ ಸಂಗತಿ. ಆ ಮನೆತನದವರು ಈಗಲೂ ಊರಲ್ಲಿದ್ದಾರೆ. ನಾನು ಮುಂದುವರಿಯಬಹುದೇ?

ಉತ್ತರ: ಅಕ್ಕೋರೆ, ಮುಂದುವರಿಯಿರಿ. ಆದರೆ ನಿಮ್ಮ ಕಥೆಯಲ್ಲಿ ಮೂರು ಕಡೆ ನೆಲ ಕುಸಿದಿದೆ. ಎರಡನ್ನು ಸುಲಭವಾಗಿ ತುಂಬಬಹುದು. ಮೂರನೆಯದನ್ನು ತುಂಬಬೇಡಿ, ಅಲ್ಲೇ ಕಾದಂಬರಿ ಇದೆ. ನಾನು ಫೌಜದಾರನಾಗಿ ಸೇರಿ ಡಿವೈಎಸ್‌ಪಿಯಾಗಿ ನಿವೃತ್ತನಾದವನು. ಸೇವೆಯ ಬಹುಭಾಗ ಧಾರವಾಡ, ಗದಗ, ಹಾವೇರಿಗಳಲ್ಲೇ ಕಳೆಯಿತು. ಪತ್ತೆಯಾದ ಪ್ರಕರಣಗಳಿಗಿಂತ ಪತ್ತೆಯಾಗದವೇ ಇಂದಿಗೂ ಹೆಚ್ಚು ನೆನಪಾಗುತ್ತವೆ.

ಮೊದಲು ಮಾವನವರ ಹನ್ನೆರಡು ವರ್ಷ. ನಮ್ಮ ಭಾಗದಲ್ಲಿ ಜನ ಕೋರ್ಟಿನ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಹೊಲಕ್ಕಾಗಿ, ಹಿಸ್ಸೆಗಾಗಿ. ಬೇರೊಬ್ಬರ ಜಮೀನನ್ನು ಹನ್ನೆರಡು ವರ್ಷ ರಾಜಾರೋಷವಾಗಿ ಅನುಭವಿಸಿದವನನ್ನು ಬಿಡಿಸುವುದು ಕಷ್ಟ ಎಂಬ ಸಿವಿಲ್ ನಿಯಮ ಹೀಗೆ ಕೊಲೆಗೂ ಅಂಟಿಕೊಂಡಿದೆ. ಸಹೋದ್ಯೋಗಿಯ ಏಳು ವರ್ಷಕ್ಕೂ ಮೂಲವಿದೆ. ಏಳು ವರ್ಷ ಒಬ್ಬನ ಸುದ್ದಿಯೇ ಇಲ್ಲದಿದ್ದರೆ ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕು ಎಂದು ಸಾಕ್ಷ್ಯ ಅಧಿನಿಯಮದ 108ನೇ ಕಲಂ ಹೇಳುತ್ತಿತ್ತು. ಅದರ ಬದಲು ಬಂದ ಹೊಸ ಕಾಯ್ದೆಯಲ್ಲಿ ಅದು 111. ಇದು ವಾರಸಾ ಮಾಡಿಸಲು, ವಿಮೆ ಹಣ ಪಡೆಯಲು ಬರುವ ನಿಯಮ. ಸತ್ತನೆಂದು ಭಾವಿಸಲು ಬಿಡುತ್ತದೆಯೇ ಹೊರತು ಕೊಂದವನನ್ನು ಬಿಡುಗಡೆ ಮಾಡುವುದಿಲ್ಲ.

ನಿಮ್ಮ ಕಥೆಯ ಕಾಲದಲ್ಲಿ ಕ್ರಿಮಿನಲ್ ಪ್ರಕರಣಕ್ಕೆ ಕಾಲಮಿತಿ ಹೇಳುತ್ತಿದ್ದುದು ದಂಡ ಪ್ರಕ್ರಿಯಾ ಸಂಹಿತೆಯ 468ನೇ ಕಲಂ. ಬರೀ ದಂಡದ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗಿನ ಜೈಲಿನ ಅಪರಾಧಕ್ಕೆ ಒಂದು ವರ್ಷ, ಮೂರು ವರ್ಷದವರೆಗಿನದಕ್ಕೆ ಮೂರು ವರ್ಷ. ಅದಕ್ಕಿಂತ ದೊಡ್ಡ ಅಪರಾಧಕ್ಕೆ ಮಿತಿಯೇ ಇಲ್ಲ. ಕೊಲೆ ಮೂವತ್ತಾರು ವರ್ಷಕ್ಕೂ ಹಳತಾಗುವುದಿಲ್ಲ, ಅರವತ್ತಕ್ಕೂ ಆಗುವುದಿಲ್ಲ. ಆದರೆ ಮಾವನವರನ್ನು ಈಗಲೇ ಪೂರ್ತಿ ಸೋಲಿಸಬೇಡಿ. ಅವರ ಮಾತು ಇನ್ನೊಂದು ಬಾಗಿಲಿನಿಂದ ಮರಳಿ ಬರುತ್ತದೆ.

ಎರಡನೆಯದು ‘ಪ್ರಕರಣವನ್ನು ಮತ್ತೆ ತೆರೆಯುವುದು’. ನೀವು ಹೇಳಿದಂತೆ 1987ರಲ್ಲಿ ಆದದ್ದು ಕಾಣೆಯಾದ ದೂರು ಮಾತ್ರ. ಶವವಿಲ್ಲ, ರಕ್ತದ ಕಲೆ ಇಲ್ಲ, ಯಾರ ಮೇಲೂ ಆರೋಪವಿಲ್ಲ. ಹಾಗಿದ್ದರೆ ಕೊಲೆಯ ಪ್ರಕರಣವೇ ದಾಖಲಾಗಿಲ್ಲ. ಮುಚ್ಚಿರದ ಬಾಗಿಲನ್ನು ತೆರೆಯುವುದೆಂತು? ಮೂಳೆ ಸಿಕ್ಕ ದಿನ ಮೊದಲು ಅಸಹಜ ಸಾವಿನ ವರದಿ, ನಾವು ಯುಡಿಆರ್ ಎನ್ನುವುದು, ದಾಖಲಾಗುತ್ತದೆ. ವೈದ್ಯರು ಸಂಶಯ ವ್ಯಕ್ತಪಡಿಸಿದ ಮೇಲೆ ಹೊಸ ಎಫ್‌ಐಆರ್. ಕೃತ್ಯದ ಕಾಲ 1987, ದೂರಿನ ಕಾಲ 2023. ಆಗ ಕಾಣೆಯಾದ ದೂರಿನ ತೆಳ್ಳನೆಯ ಕಡತ ಹೊಸ ಪ್ರಕರಣದ ಹೊಟ್ಟೆಗೆ ಸೇರುತ್ತದೆ.

ಇಲ್ಲ, 1987ರಲ್ಲೇ ಕೊಲೆ ಕೇಸು ಆಗಿತ್ತು ಎಂದು ಬದಲಿಸಿಕೊಂಡರೆ ದಾರಿ ಬೇರೆ. ಆರೋಪಿ ಪತ್ತೆಯಾಗದಿದ್ದರೆ ನಮ್ಮ ರಾಜ್ಯದಲ್ಲಿ ‘ಸಿ’ ರಿಪೋರ್ಟ್ ಹಾಕುತ್ತಾರೆ. ‘ಬಿ’ ರಿಪೋರ್ಟ್ ಎಂದರೆ ಸುಳ್ಳು ದೂರು, ಇಲ್ಲವೇ ತಪ್ಪು ತಿಳಿವಳಿಕೆಯಿಂದ ಕೊಟ್ಟ ದೂರು. ಮಹಾರಾಷ್ಟ್ರದಲ್ಲಿ ಪತ್ತೆಯಾಗದ ಪ್ರಕರಣಕ್ಕೆ ‘ಎ’ ಸಮರಿ ಎನ್ನುತ್ತಾರೆ. ಗಡಿಯಾಚೆಯ ಕಥೆಗಳನ್ನು ಓದಿ ಬೆಳೆದವರು ಇಲ್ಲಿ ಎಡವುತ್ತಾರೆ. ‘ಸಿ’ ರಿಪೋರ್ಟ್ ಆದ ಪ್ರಕರಣಕ್ಕೆ ಹೊಸ ಸುಳಿವು ಸಿಕ್ಕರೆ ಅದೇ ದಂಡ ಪ್ರಕ್ರಿಯಾ ಸಂಹಿತೆಯ 173(8)ನೇ ಕಲಂ ಪ್ರಕಾರ ಮುಂದುವರಿದ ತನಿಖೆ ನಡೆಸಬಹುದು. ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತಾರೆ. ಹಳೆಯದನ್ನೆಲ್ಲ ಅಳಿಸಿ ಹೊಸದಾಗಿ ಮಾಡುವ ಮರುತನಿಖೆ ಬೇರೆ, ಅದಕ್ಕೆ ಉನ್ನತ ನ್ಯಾಯಾಲಯದ ಆದೇಶ ಬೇಕು. ನಿಮ್ಮ ನಾಯಕಿ ‘ನಾನು ಮರುತನಿಖೆ ಮಾಡುತ್ತೇನೆ’ ಎಂದು ಘೋಷಿಸುವ ಸಂಭಾಷಣೆಯನ್ನು ದಯವಿಟ್ಟು ತೆಗೆಯಿರಿ.

ನನ್ನನ್ನು ಕೇಳಿದರೆ ಕಾಣೆಯಾದ ದೂರನ್ನೇ ಉಳಿಸಿಕೊಳ್ಳಿ. ಅದು ಹೆಚ್ಚು ನಿಜ, ಹೆಚ್ಚು ಕ್ರೂರ. ಬಡವನೊಬ್ಬ ಮನೆಗೆ ಬರದಿದ್ದರೆ ‘ಮುಂಬೈಗೆ ಹೋಗಿರಬೇಕು’ ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. ಅಂಥ ಕಡತ ನಾನು ಕೈಯಲ್ಲಿ ಹಿಡಿದಿದ್ದೇನೆ. ಎಂಟೇ ಹಾಳೆ. ಮೂಲೆಗೆ ತೂತು ಕೊರೆದು ದಾರ ಪೋಣಿಸಿದ್ದರು, ದಾರ ಕಾಗದಕ್ಕಿಂತ ಮೊದಲೇ ಲಡ್ಡಾಗಿತ್ತು. ತಾಯಿಯ ಹೇಳಿಕೆ ಕಾರ್ಬನ್ ಪ್ರತಿಯಲ್ಲಿ ಮಸುಕಾಗಿ, ಹೆಬ್ಬೆಟ್ಟಿನ ಗುರುತು ಮಾತ್ರ ಇನ್ನೂ ಕಡುನೀಲಿ. ಅಂಟಿಸಿದ್ದ ಫೋಟೋ ಉದುರಿ ಹೋಗಿ, ಅಂಟಿನ ಚೌಕ ಉಳಿದಿತ್ತು. ಮಾಲೀಕರ ಹೇಳಿಕೆ ಎಂಟು ಸಾಲು, ಅದರಲ್ಲಿ ಎರಡು ಸಾಲು ಆ ಮನುಷ್ಯನ ಬಾಕಿ ಸಂಬಳದ ಲೆಕ್ಕ. ಕಾಣೆಯಾದವನ ಬಗ್ಗೆ ಕೇಳಿದರೆ ಸಂಬಳದ ಲೆಕ್ಕವನ್ನೇಕೆ ಒಪ್ಪಿಸಿದರು? ಆ ಪ್ರಶ್ನೆಯನ್ನು ಹೇಳಿಕೆ ಬರೆದುಕೊಂಡ ಠಾಣೆಯ ರೈಟರ್ ಕೇಳಲಿಲ್ಲ. ನನಗೆ ಹೊಳೆದಾಗ ಉತ್ತರ ಹೇಳುವವರು ಉಳಿದಿರಲಿಲ್ಲ.

ಅಂಥ ಕಡತ ಎಲ್ಲಿರುತ್ತದೆ ಎಂಬುದು ನಿಮಗೆ ಒಂದು ಅಧ್ಯಾಯದ ಸಾಮಗ್ರಿ. 1987ರಲ್ಲಿ ಗದಗ ಜಿಲ್ಲೆಯೇ ಇರಲಿಲ್ಲ. ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಿಂದ ಬೇರೆಯಾದದ್ದು 1997ರಲ್ಲಿ. ನಿಮ್ಮ ಹಸ್ತಪ್ರತಿಯಲ್ಲಿ 1987ರ ‘ಗದಗ ಎಸ್‌ಪಿ’ ಬರುತ್ತಾರೆ, ಅವರನ್ನು ಧಾರವಾಡಕ್ಕೆ ಕಳಿಸಿ. ಜಿಲ್ಲೆ ಒಡೆದಾಗ ಕಡತಗಳೂ ಹಂಚಿಹೋದವು. ಒಂದು ಠಾಣೆ ಕಟ್ಟಡ ಬದಲಿಸಿದರೆ ಎಷ್ಟು ಗಂಟು ಕಳೆದುಹೋಗುತ್ತವೆ ಎಂದು ನಾನು ಕಂಡಿದ್ದೇನೆ. ಒಂದು ಕಡೆ ಮಳೆನೀರು ಸೋರುತ್ತಿದ್ದ ಮೂಲೆಗೆ ಹಳೆಯ ಗಂಟುಗಳನ್ನೇ ಒಡ್ಡಾಗಿ ಇಟ್ಟಿದ್ದರು. ಆದರೆ ಒಂದು ಕಾಗದಕ್ಕೆ ನೆರಳುಗಳು ಹಲವು. ಎಫ್‌ಐಆರ್ ಆಗಿದ್ದರೆ ಒಂದು ಪ್ರತಿ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಹೋಗಿರುತ್ತದೆ, ಮೇಲಧಿಕಾರಿಗೆ ವರದಿ ಹೋಗಿರುತ್ತದೆ, ಆಸ್ಪತ್ರೆಯ ವಹಿಯಲ್ಲಿ ಒಂದು ಸಾಲು ಇರುತ್ತದೆ. ನಾಯಕಿ ಕಂಪ್ಯೂಟರಿನಲ್ಲಿ ಹೆಸರು ಹೊಡೆದು ಎಲ್ಲವನ್ನೂ ಪಡೆಯುವ ಬದಲು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹತ್ತಿ ಇಳಿಯಲಿ.

ಇನ್ನು ಅವಳ ಅಧಿಕಾರ. ಪಿಎಸ್‌ಐ ಎಫ್‌ಐಆರ್ ದಾಖಲಿಸುತ್ತಾಳೆ. ನಮ್ಮಲ್ಲಿ ಕೊಲೆ ತನಿಖೆಯನ್ನು ಸಾಮಾನ್ಯವಾಗಿ ಇನ್‌ಸ್ಪೆಕ್ಟರ್ ಕೈಗೆತ್ತಿಕೊಳ್ಳುತ್ತಾರೆ, ಮೇಲೆ ಡಿವೈಎಸ್‌ಪಿ ಕಣ್ಣಿಟ್ಟಿರುತ್ತಾರೆ. ‘ಡಿಟೆಕ್ಟಿವ್’ ಎಂಬ ಹುದ್ದೆ ನಮ್ಮ ಠಾಣೆಗಳಲ್ಲಿ ಇಲ್ಲ. ಇದನ್ನು ತೊಡಕೆಂದು ನೋಡಬೇಡಿ. ಕೇಸ್ ಡೈರಿಯಲ್ಲಿ ಸಹಿ ಸಿಪಿಐ, ಅಂದರೆ ಸರ್ಕಲ್ ಇನ್‌ಸ್ಪೆಕ್ಟರ್ ಅವರದು, ಓಡಾಟ ಪಿಎಸ್‌ಐಯದು. ಮೂವತ್ತಾರು ವರ್ಷದ ಹಿಂದಿನ ಮೂಳೆಗಾಗಿ ಇವತ್ತಿನ ಬಂದೋಬಸ್ತು ಕೆಲಸ ಬಿಟ್ಟು ತಿರುಗಬೇಡ ಎನ್ನುವ ಮೇಲಧಿಕಾರಿ ಖಳನಾಗಬೇಕಿಲ್ಲ. ಅವರ ಮೇಜಿನ ಮೇಲೆ ನಿನ್ನೆಯ ಸರಗಳ್ಳತನದ ಫಿರ್ಯಾದಿ ಕೂತಿರುತ್ತಾನೆ.

ಮೂಳೆಗಳ ಬಗ್ಗೆ ಜನರಿಗೆ ಇರುವ ನಂಬಿಕೆ ದೇವರ ಮೇಲಿನದಕ್ಕಿಂತ ದೊಡ್ಡದು. ಸಿನಿಮಾದಲ್ಲಿ ವೈದ್ಯರು ಎಲುಬು ನೋಡಿ ‘1987ರ ಆಗಸ್ಟ್’ ಎನ್ನುತ್ತಾರೆ. ಸೊಂಟದ ಎಲುಬು, ತಲೆಬುರುಡೆಗಳಿಂದ ಗಂಡೋ ಹೆಣ್ಣೋ ಹೇಳಬಹುದು, ತೊಡೆಯ ಎಲುಬಿನ ಉದ್ದದಿಂದ ಎತ್ತರವನ್ನು ಅಂದಾಜಿಸಬಹುದು, ವಯಸ್ಸನ್ನು ಒಂದು ವ್ಯಾಪ್ತಿಯೊಳಗೆ ಹೇಳಬಹುದು. ಸತ್ತು ಎಷ್ಟು ವರ್ಷವಾಯಿತು ಎಂಬುದನ್ನು ಒಣಗಿದ ಮೂಳೆ ಕರಾರುವಾಕ್ಕಾಗಿ ಹೇಳುವುದಿಲ್ಲ. ಅದನ್ನು ಹೇಳುವುದು ಮೂಳೆಯ ಜೊತೆ ಸಿಕ್ಕ ಸಾಮಾನು. ಜೇಬಿನಲ್ಲಿ 1985ರ ನಾಣ್ಯವಿದ್ದರೆ ಆ ಮನುಷ್ಯ ಅದಕ್ಕಿಂತ ಮೊದಲು ಸತ್ತಿಲ್ಲ ಎಂಬುದಾದರೂ ಖಚಿತ. ಹತ್ತಿ ಬಟ್ಟೆ ಮಣ್ಣಾಗುತ್ತದೆ, ಆಗ ಎಲ್ಲರೂ ತೊಡುತ್ತಿದ್ದ ಟೆರಿಕಾಟ್ ಅಂಗಿಯಲ್ಲಿನ ಪಾಲಿಯೆಸ್ಟರ್ ನೂಲು ಜೇಡರ ಬಲೆಯಂತೆ ಉಳಿಯುತ್ತದೆ.

ನಿಮ್ಮ ಕಂಪೋಸಿಟರ್‌ಗೆ ಇನ್ನೂ ಒಳ್ಳೆಯದು ಒಂದಿದೆ. ಅವನ ಜೇಬಿನಲ್ಲಿ ನಾಲ್ಕು ಅಚ್ಚಿನ ಮೊಳೆ ಇಡಿ. ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದ ಆ ಮೊಳೆ ಮಣ್ಣಿನಲ್ಲಿ ಮೂವತ್ತಾರು ವರ್ಷ ಬಿದ್ದಿದ್ದರೂ ಮೇಲೆ ಬೂದು ಪದರ ಕಟ್ಟುತ್ತದೆಯೇ ಹೊರತು ಹಾಳಾಗುವುದಿಲ್ಲ. ಪಂಚನಾಮೆ ಬರೆಯುವ ಹವಾಲ್ದಾರರಿಗೆ ಅದು ಏನೆಂದೇ ತಿಳಿಯದೆ ‘ಲೋಹದ ಸಣ್ಣ ಕಡ್ಡಿಗಳು, ನಾಲ್ಕು’ ಎಂದು ಬರೆಯಲಿ. ನಾಯಕಿ ಅದನ್ನು ಉಗುರಿನಿಂದ ಕೆರೆದು ಕನ್ನಡಿಯ ಮುಂದೆ ಹಿಡಿಯಲಿ, ತಿರುವುಮುರುವಾದ ಅಕ್ಷರ ನೇರವಾಗಲಿ. ಮೊಳೆ ಜೋಡಿಸುವವರು ಅಕ್ಷರವನ್ನು ಹಿಮ್ಮುಖವಾಗಿಯೇ ಓದುತ್ತಿದ್ದರು ಎಂದು ಹೇಳಲು ಗದಗಿನಲ್ಲಿ ಮುದುಕರೊಬ್ಬರು ಸಿಗುವುದು ಕಷ್ಟವಲ್ಲ, ಮುದ್ರಣದ ಊರದು. ಆ ನಾಲ್ಕು ಅಕ್ಷರ ಏನೆಂಬುದು ನಿಮಗೆ ಬಿಟ್ಟದ್ದು.

ಡಿಎನ್‌ಎ ವಿಷಯ ಚುಟುಕಾಗಿ ಹೇಳುತ್ತೇನೆ. ಹಲ್ಲು ಮತ್ತು ತೊಡೆಯ ಎಲುಬಿನಿಂದ ತೆಗೆಯಲು ಯತ್ನಿಸುತ್ತಾರೆ. ನಮ್ಮ ಬಿಸಿಲಿನ ನಾಡಿನಲ್ಲಿ ಅಷ್ಟು ಹಳೆಯ ಮೂಳೆಯಿಂದ ಸಿಗದಿರುವುದೂ ಉಂಟು. ಸಿಕ್ಕರೂ ಹೋಲಿಸಲು ಬಂಧುಗಳು ಬೇಕು. ತಾಯಿಯ ಕಡೆಯಿಂದ ಇಳಿದು ಬರುವ ಡಿಎನ್‌ಎ ಒಂದಿದೆ, ತಂಗಿ ಇದ್ದರೆ ಸಾಕು, ತಂಗಿಯ ಮಕ್ಕಳಾದರೂ ಆಗುತ್ತದೆ. ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ ವರದಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮೂರನೇ ದಿನ ಫೋನಿನಲ್ಲಿ ಫಲಿತಾಂಶ ಬರುವ ದೃಶ್ಯ ಬೇಡ. ಮುಖ್ಯವಾಗಿ, ಡಿಎನ್‌ಎ ‘ಇವನು ಯಾರು’ ಎನ್ನುತ್ತದೆ, ‘ಇವನನ್ನು ಯಾರು ಕೊಂದರು’ ಎನ್ನುವುದಿಲ್ಲ.

ಈಗ ನಿಮ್ಮ ಕೊನೆಯ ಅಧ್ಯಾಯದ ತಪ್ಪೊಪ್ಪಿಗೆ. ಪೊಲೀಸ್ ಅಧಿಕಾರಿಯ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಲ್ಲ. ಅವನು ಅಳಲಿ, ಕಾಲಿಗೆ ಬೀಳಲಿ, ಹತ್ತು ಪುಟ ಬರೆದುಕೊಡಲಿ. ಇದಕ್ಕೊಂದು ಕಿಂಡಿ ಇದೆ, ಹಳೆಯ ಸಾಕ್ಷ್ಯ ಅಧಿನಿಯಮದ 27ನೇ ಕಲಂ. ಆರೋಪಿ ಹೇಳಿದ ಮಾತಿನಿಂದ ಅಲ್ಲಿಯವರೆಗೆ ಪೊಲೀಸರಿಗೆ ಗೊತ್ತಿಲ್ಲದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತು ನಿಲ್ಲುತ್ತದೆ. ಬೆಂಗಳೂರಿನ ಶಾಕಿರೆ ಖಲೀಲಿ ಪ್ರಕರಣ ನೆನಪಿಸಿಕೊಳ್ಳಿ. 1991ರಲ್ಲಿ ಕಣ್ಮರೆಯಾದ ಅವರ ಅವಶೇಷ 1994ರಲ್ಲಿ ಮನೆಯ ಆವರಣದ ನೆಲದಡಿ ಸಿಕ್ಕಿತು, ಜಾಗ ತೋರಿಸಿದವನು ಗಂಡ. ಆ ತೋರಿಸುವಿಕೆಗೆ ಬೆಲೆ ಬಂತು. ಸುಪ್ರೀಂ ಕೋರ್ಟ್ 2008ರಲ್ಲಿ ಮರಣದಂಡನೆಯನ್ನು ಬದಲಿಸಿ ಉಸಿರಿರುವವರೆಗೆ ಜೈಲು ಎಂದಿತು. ನಿಮ್ಮ ಕಥೆಯಲ್ಲಿ ಮೂಳೆಯನ್ನು ಜೆಸಿಬಿ ಮೊದಲೇ ತೋರಿಸಿಬಿಟ್ಟಿದೆ. ಮಾಲೀಕರ ಮಗ ಇನ್ನು ಹೊಸದಾಗಿ ಏನು ತೋರಿಸಬಲ್ಲ? ಅವನೊಬ್ಬನಿಗೇ ಗೊತ್ತಿರುವ ಇನ್ನೊಂದು ವಸ್ತು ಬೇಕು. ಕಂಪೋಸಿಟರ್‌ನ ಸೈಕಲ್ ಪಾಳುಬಾವಿಯ ಕೆಸರಿನಲ್ಲಿ ಇರಲಿ.

ಅವನ ವಯಸ್ಸನ್ನೂ ನೋಡಿಕೊಳ್ಳಿ. ನೀವು ಅವನನ್ನು 2023ರಲ್ಲಿ ಐವತ್ತಮೂರರವನೆಂದು ಬರೆದಿದ್ದೀರಿ. ಅಂದರೆ ಕೃತ್ಯದ ಕಾಲಕ್ಕೆ ಹದಿನೇಳು. ಕೃತ್ಯದ ದಿನ ಹದಿನೆಂಟು ತುಂಬಿರಲಿಲ್ಲ ಎಂಬ ವಾದವನ್ನು ಯಾವ ಹಂತದಲ್ಲಾದರೂ ಎತ್ತಬಹುದು. ನರೆಗೂದಲಿನ ಮನುಷ್ಯನೂ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲಬಹುದು. ವಯಸ್ಸಿಗೆ ಆಧಾರ ಶಾಲೆಯ ದಾಖಲೆ. ಶಾಲೆಯ ದಾಖಲೆ ಎಂದರೆ ಏನೆಂದು ನಿಮಗೆ ನಾನು ಹೇಳಬೇಕೇ? ಆ ತಲೆಮಾರಿನ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಮಾಸ್ತರರು ಅಂದಾಜಿಗೆ ಬರೆದ ಒಂದು ತಾರೀಖು ಒಬ್ಬನ ಜೀವಾವಧಿಯನ್ನು ಅಳೆಯುವಾಗ ನಿಮಗೆ ಬೇಕಾದ ನಾಟಕ ಅಲ್ಲಿದೆ.

ಇನ್ನು ನಾನು ತುಂಬಬೇಡಿ ಎಂದ ಮೂರನೆಯ ಕುಸಿತ. ಬರಿಯ ಮೂಳೆಯಿಂದ ಸಾವಿನ ಕಾರಣ ಬಹುಪಾಲು ತಿಳಿಯುವುದಿಲ್ಲ. ಬುರುಡೆ ಒಡೆದಿದ್ದರೆ ಸರಿ. ಅದೂ ಜೆಸಿಬಿ ಹಲ್ಲು ತಾಗಿ ಒಡೆದದ್ದೇ ಎಂದು ಎದುರು ವಕೀಲರು ಮೊದಲ ದಿನವೇ ಕೇಳುತ್ತಾರೆ. ಇಲ್ಲಿ ನಿಮ್ಮ ಜಿನ್ನಿಂಗ್ ಫ್ಯಾಕ್ಟರಿಯ ನೆಲ ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ನೆಲದಲ್ಲಿ ಅದಕ್ಕಿಂತ ಹಳೆಯ ಗುಂಡಿಯೊಂದಿದೆ, ಹಗೇವು.

ನಿಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಲಿಕ್ಕಿಲ್ಲ, ಅಜ್ಜಿಗೆ ಚೆನ್ನಾಗಿ ಗೊತ್ತು. ಜೋಳ ಕೂಡಿಡಲು ನೆಲದೊಳಗೆ ತೋಡಿದ ಹೊಟ್ಟೆ ದೊಡ್ಡ, ಬಾಯಿ ಸಣ್ಣ ಗುಂಡಿ. ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಪ್ರಾಣವಾಯು ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತಳಕ್ಕೆ ಕೂಡುತ್ತದೆ. ತಿಳಿದವರು ಬಾಯಿ ತೆರೆದು ಗಂಟೆಗಟ್ಟಲೆ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ದೀಪ ಆರಿದರೆ ಇಳಿಯಬಾರದು. ಅವಸರಪಟ್ಟು ಇಳಿದವರು ಕೂಗುವುದಕ್ಕೂ ಸಮಯ ಸಿಗದೆ ಕುಸಿಯುತ್ತಿದ್ದರು.

ಮುದ್ರಣಾಲಯದ ಮಾಲೀಕರಿಗೆ ಕಾಳಿನ ವ್ಯಾಪಾರವೂ ಇತ್ತು ಎಂದುಕೊಳ್ಳಿ. ಹಗೇವುಗಳ ಬಳಕೆ ತಪ್ಪುತ್ತ ಬಂದಿದ್ದ ಕಾಲ, ಇವರ ಹಿತ್ತಲಲ್ಲಿ ಒಂದು ಉಳಿದಿತ್ತು. ಆ ರಾತ್ರಿ ಕಂಪೋಸಿಟರ್ ಒಳಗಿಳಿದ. ಮೇಲೆ ಹದಿನೇಳರ ಹುಡುಗ ನಿಂತಿದ್ದ. ಆಮೇಲೆ ಬಂಡೆ ಮುಚ್ಚಿತು.

ಮೂವತ್ತಾರು ವರ್ಷದ ಮೇಲೆ ಮೂಳೆಯಲ್ಲಿ ಒಂದು ಗೀರೂ ಇರುವುದಿಲ್ಲ. ದೀಪ ಆರಿದ್ದನ್ನು ನೋಡಿಯೂ ಸಾಯಲೆಂದೇ ಇಳಿಸಿದ್ದರೆ ಅದು ಕೊಲೆ, ಭಾರತೀಯ ದಂಡ ಸಂಹಿತೆಯ 302ನೇ ಕಲಂ. ಕಾಲಮಿತಿ ಇಲ್ಲ. ದೀಪ ಇಳಿಸುವುದನ್ನೇ ಮರೆತು ಆಳನ್ನು ಇಳಿಸಿದ್ದರೆ ಅದು ನಿರ್ಲಕ್ಷ್ಯದಿಂದಾದ ಸಾವು, 304-ಎ. ಶಿಕ್ಷೆ ಹೆಚ್ಚೆಂದರೆ ಎರಡು ವರ್ಷ, ಕಾಲಮಿತಿ ಮೂರು ವರ್ಷ. ಅಂದರೆ 1990ಕ್ಕೇ ಅವಧಿ ಮುಗಿದುಹೋಯಿತು. ಕಾಲಮಿತಿ ಮನ್ನಿಸುವ ಅಧಿಕಾರ ಕೋರ್ಟಿಗೆ ಇದೆ, ಆದರೆ ಇಷ್ಟು ವರ್ಷದ ಮೇಲೆ ಅದನ್ನು ನೆಚ್ಚುವಂತಿಲ್ಲ. ಬಂಡೆ ಮುಚ್ಚಿ ಶವ ಅಡಗಿಸಿದ್ದರ ಕಲಂ 201 ಕೂಡ ಮೂಲ ಅಪರಾಧ ಎಷ್ಟು ದೊಡ್ಡದೋ ಅಷ್ಟರ ಮೇಲೆ ನಿಲ್ಲುತ್ತದೆ. ಮೂಲ ಅಪರಾಧ ಕೊಲೆಯಾದರೆ ಏಳು ವರ್ಷದವರೆಗೆ ಶಿಕ್ಷೆ, ನಿರ್ಲಕ್ಷ್ಯವಾದರೆ ಎರಡು ವರ್ಷದ ಕಾಲುಭಾಗ. ಇನ್ನು ಅವನಾಗಿಯೇ ಇಳಿದು ಸತ್ತು, ಹೆದರಿದ ಮನೆಯವರು ಮುಚ್ಚಿಹಾಕಿದ್ದರೆ ಅಡಗಿಸಲು ಅಪರಾಧವೇ ಇರಲಿಲ್ಲ, 201 ಕೂಡ ನಿಲ್ಲುವುದಿಲ್ಲ.

ಮಾವನವರು ಮರಳಿ ಬರುತ್ತಾರೆ ಎಂದೆನಲ್ಲ, ಇಲ್ಲಿ ಬಂದರು. ‘ಕಾಲ ಮೀರಿತು’ ಎಂಬ ಅವರ ಮಾತು ಒಂದು ಕಂದೀಲು ಇಳಿಯಿತೋ ಇಲ್ಲವೋ ಎಂಬುದರ ಮೇಲೆ ನಿಜವೋ ಸುಳ್ಳೋ ಆಗುತ್ತದೆ. ನಿಮ್ಮ ನಾಯಕಿಗೆ ಹುಡುಕಲು ಸಿಕ್ಕಿರುವುದು ಕೊಲೆಗಾರನಲ್ಲ, ಅವನು ಎರಡನೇ ಅಧ್ಯಾಯಕ್ಕೇ ಗೊತ್ತಾದರೂ ಚಿಂತೆಯಿಲ್ಲ. ಅವಳು ಹುಡುಕಬೇಕಾದದ್ದು ದೀಪ ಕಂಡವರನ್ನು.

ಅಂಥವರು ಯಾಕೆ ಈಗ ಬಾಯಿಬಿಡುತ್ತಾರೆ? ಇದನ್ನು ನಾನು ಅನುಭವದಿಂದ ಹೇಳಬಲ್ಲೆ. ಹಳೆಯ ಪ್ರಕರಣದಲ್ಲಿ ಕಾಲ ನಮಗೆ ಶತ್ರು ಎನ್ನುತ್ತಾರೆ, ಅರ್ಧ ಮಾತ್ರ ಸರಿ. ಸಾಕ್ಷಿ ಸಾಯುತ್ತಾನೆ, ಕಾಗದ ಕೊಳೆಯುತ್ತದೆ, ನೆನಪು ಕಲಸುತ್ತದೆ. ಆದರೆ ಅನ್ನ ಹಾಕುತ್ತಿದ್ದ ಧಣಿ ಸತ್ತಿರುತ್ತಾನೆ. ಅಣ್ಣತಮ್ಮಂದಿರು ಹಿಸ್ಸೆಗಾಗಿ ಬೇರೆಯಾಗಿರುತ್ತಾರೆ. ಆಗ ಹೊಸದಾಗಿ ಬಂದ ಸೊಸೆಯಾಗಿ ತುಟಿ ಬಿಚ್ಚಲಾಗದವಳು ಈಗ ಮನೆಯ ಹಿರಿಯಳು. ನಾನು ಬಲ್ಲ ಒಂದು ಪ್ರಕರಣದಲ್ಲಿ ಹದಿನಾರು ವರ್ಷದ ಮೇಲೆ ಮಾತಾಡಿದ ಮುದುಕಿ, ‘ಆಗ ನನ್ನ ಯಾರೂ ಕೇಳಲೇ ಇಲ್ಲ’ ಎಂದಳು. ನಾನು ಹಳೆಯ ಹೇಳಿಕೆಗಳನ್ನು ತಿರುವಿ ನೋಡಿದೆ. ಮನೆಯ ಗಂಡಸರು ಹನ್ನೊಂದು ಜನರದ್ದಿತ್ತು, ಹೆಂಗಸರ ಹೇಳಿಕೆ ಒಂದೂ ಇರಲಿಲ್ಲ. ನಿಮ್ಮ ನಾಯಕಿ ಮಹಿಳೆಯಾಗಿರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೇ? ಅವಳು ಪಡಸಾಲೆ ದಾಟಿ ಅಡುಗೆಮನೆಗೆ ಹೋಗಿ ಕೂರಬಲ್ಲಳು.

ಆ ಸಾಕ್ಷಿಗೂ ಅಪಾಯವಿದೆ. ಇಷ್ಟು ವರ್ಷ ಸುಮ್ಮನಿದ್ದವಳು ಈಗೇಕೆ ಹೇಳುತ್ತಿದ್ದಾಳೆ ಎಂದು ಪಾಟೀಸವಾಲಿನಲ್ಲಿ ಹಿಂಡುತ್ತಾರೆ. ಹಾಗಾಗಿ ದಂಡ ಪ್ರಕ್ರಿಯಾ ಸಂಹಿತೆಯ 164ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಮಾಡಿಸಲಿ. ಕೇರಳದ ಸಿಸ್ಟರ್ ಅಭಯಾ ಪ್ರಕರಣ ಓದಿ. 1992ರ ಸಾವನ್ನು ಸ್ಥಳೀಯ ಪೊಲೀಸರು ಆತ್ಮಹತ್ಯೆ ಎಂದಿದ್ದರು. ಸಿಬಿಐ ನ್ಯಾಯಾಲಯ ಕೊಲೆಯೆಂದು ಶಿಕ್ಷೆ ಕೊಟ್ಟದ್ದು 2020ರ ಡಿಸೆಂಬರಿನಲ್ಲಿ, ಆ ರಾತ್ರಿ ಕದಿಯಲು ಬಂದಿದ್ದ ಕಳ್ಳನ ಸಾಕ್ಷ್ಯವನ್ನೂ ನಂಬಿ. 2022ರಲ್ಲಿ ಹೈಕೋರ್ಟ್ ಮೇಲ್ಮನವಿ ಬಾಕಿ ಇರುವಾಗ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೂವತ್ತು ವರ್ಷವಾದರೂ ಮುಗಿಯದ ಕಥೆ.

ನಿಮ್ಮದನ್ನು ಹೇಗೆ ಮುಗಿಸುವುದು ಎಂದರೆ, ದೋಷಾರೋಪ ಪಟ್ಟಿ ಹಾಕಿಸಿ ವಿಚಾರಣೆಗೆ ಒಯ್ದರೆ ಖುಲಾಸೆಯಾಗುವ ಸಂಭವವೇ ಹೆಚ್ಚು, ಓದುಗರು ಸಿಟ್ಟಾಗಬಹುದು. ಆರೋಪಿ ನಡುವೆ ತೀರಿಕೊಂಡರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ, ಅದು ಲೇಖಕರು ತಪ್ಪಿಸಿಕೊಳ್ಳುವ ದಾರಿಯಾಗಿ ಕಾಣಬಹುದು. ಸತ್ಯ ತಿಳಿದೂ ಸಾಕ್ಷ್ಯ ಸಾಲದೆ ನಾಯಕಿ ತಾನೇ ‘ಸಿ’ ರಿಪೋರ್ಟ್ ಸಿದ್ಧಪಡಿಸುವುದು ನನಗೆ ಇಷ್ಟ. ನನ್ನ ಇಷ್ಟ ಪುಸ್ತಕ ಮಾರುವುದಿಲ್ಲ ಎಂಬುದೂ ಗೊತ್ತು.

ಕಲಂಗಳ ಸಂಖ್ಯೆ ಬದಲಿಸಬೇಡಿ. ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳ ಬದಲು ಹೊಸ ಕಾಯ್ದೆಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು, ನಿಮ್ಮ ತನಿಖೆ 2023ರದು. ಕಥೆಯನ್ನು ಮುಂದೆ ತಂದರೂ 1987ರ ಕೊಲೆಗೆ ಹಳೆಯ 302 ಕಲಮೇ ಅನ್ವಯ.

ಗೆಳತಿಯ ಮಂಜಿಗೆ ಬರುತ್ತೇನೆ. ಶಿರಸಿಗೆ ಒಯ್ದರೆ ಕಥೆ ಮೂಳೆಯಿಲ್ಲದೆ ಉಳಿಯಬಹುದು, ಮಾತಿನ ಅಲಂಕಾರಕ್ಕಲ್ಲ ಹೇಳಿದ್ದು. ಮಲೆನಾಡಿನ ಹುಳಿ ಮಣ್ಣು, ಸುರಿಯುವ ಮಳೆ ಮೂಳೆಯನ್ನು ಬೇಗ ತಿನ್ನುತ್ತವೆ. ನಮ್ಮ ಎರೆಮಣ್ಣು ಕ್ಷಾರದ್ದು, ಮೂಳೆಯನ್ನು ಕಾಪಾಡುತ್ತದೆ. ಆದರೆ ಸುಮ್ಮನಿರಲು ಬಿಡುವುದಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಆಳುದ್ದ ಬಿರಿಯುತ್ತದೆ, ವರ್ಷವರ್ಷವೂ ಹೊಟ್ಟೆಯಲ್ಲಿದ್ದುದನ್ನು ಒಂದಿಷ್ಟು ಸರಿಸುತ್ತದೆ. ಮೇಲೆ ಬಿದ್ದ ಅಂಗಿಯ ಗುಂಡಿ ಬಿರುಕಿನಲ್ಲಿ ಇಳಿಯುತ್ತದೆ, ಕೆಳಗಿನ ಕಲ್ಲು ಮೇಲೆ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ಎರೆಹೊಲದ ಬಿರುಕಿಗೆ ಕಿವಿಯಿಟ್ಟು ನಿಂತ ಪಿಎಸ್‌ಐ, ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿ, ಬೆಟಗೇರಿಯ ಓಣಿಯಲ್ಲಿ ಉಳಿದಿರುವ ಮಗ್ಗದ ಸದ್ದು. ಇಷ್ಟಿದ್ದೂ ಮಂಜು ಬೇಕೇ?

1987ರ ಆ ನಾಲ್ಕು ದಿನದ ಮಳೆಯನ್ನು ಮಾತ್ರ ನಿಲ್ಲಿಸಿ. ಅದು ದೇಶವೇ ನೆನಪಿಡುವ ಬರದ ವರ್ಷ. ಮುಂಗಾರು ದೇಶದಲ್ಲಿ ವಾಡಿಕೆಗಿಂತ ಸುಮಾರು ಶೇ 19ರಷ್ಟು ಕಡಿಮೆ ಬಿದ್ದಿತ್ತು. ಬರವೇ ನಿಮಗೆ ಕೊಟ್ಟ ವರ, ಶ್ರಾವಣದಲ್ಲಿ ಮೋಡ ಕಾಣದೆ ಜೋಳದ ಬೆಲೆ ಏರುವಾಗ ವ್ಯಾಪಾರಿಯೊಬ್ಬ ರಾತ್ರೋರಾತ್ರಿ ಹಗೇವು ತೆರೆಸುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಹಾಗೆಯೇ ಅಂದಿನ ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು ಇರಲಿಲ್ಲ, ಮುಂದೆ ಕಿಮ್ಸ್ ಎನಿಸಿಕೊಂಡ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿಗೆ ಆಗ ಕೆಎಂಸಿ ಎನ್ನುತ್ತಿದ್ದರು, ಗದಗಿನಿಂದ ಹುಬ್ಬಳ್ಳಿಗೆ ಮೀಟರ್ ಗೇಜ್ ರೈಲು. ನಾಯಕಿ 2023ರಲ್ಲಿ ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮ್ ಮೇಲೆ ನಡೆಯುವುದು ಸರಿಯಿದೆ, ಅದು ಅದೇ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿತ್ತು.

ಅಜ್ಜಿಯ ಮಾತು ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಅಲ್ಲಿ ಅಪಾಯ ನಿಮ್ಮದು. ‘ಎಲ್ಲ ಪಾತ್ರಗಳೂ ಕಾಲ್ಪನಿಕ’ ಎಂಬ ಸಾಲು ಕವಚವಲ್ಲ. ಓದಿದ ಊರಿನವರು ‘ಇವರು ಇಂಥವರೇ’ ಎಂದು ಗುರುತಿಸಿದರೆ ಮಾನನಷ್ಟದ ದಾವೆ ಬರಬಹುದು. ಸತ್ತವರ ಬಗ್ಗೆ ಬರೆದದ್ದೂ ಅವರ ಮನೆಯವರ ಮನಸ್ಸು ನೋಯಿಸುವಂತಿದ್ದರೆ ಅದರೊಳಗೆ ಬರುತ್ತದೆ. ಮನೆತನದ ಕಸುಬು, ಓಣಿ, ಮಕ್ಕಳ ಸಂಖ್ಯೆ, ಕಾಣೆಯಾದ ವರ್ಷ ಎಲ್ಲ ಬದಲಿಸಿ. ನಿಜ ಘಟನೆಯ ಕಾಗದ ನೋಡಬೇಕೆನಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಇಪ್ಪತ್ತು ವರ್ಷಕ್ಕಿಂತ ಹಳೆಯ ಸಂಗತಿಯಾದರೆ ‘ತನಿಖೆಗೆ ಅಡ್ಡಿ’ ಎಂಬ ಸಾಮಾನ್ಯ ನೆಪ ಆ ಹಕ್ಕಿನ ಕಾಯ್ದೆಯ 8(3)ನೇ ಕಲಂ ಮುಂದೆ ನಿಲ್ಲುವುದಿಲ್ಲ. ಕಡತ ಸಿಗುತ್ತಿಲ್ಲ ಎಂಬ ಉತ್ತರ ಬರಬಹುದು, ಅದಕ್ಕೆ ನನ್ನಲ್ಲಿ ಕಲಂ ಇಲ್ಲ.

ಅಜ್ಜಿ ಹೇಳಿದ್ದು ಊರ ಮಾತೋ, ಕಣ್ಣಾರೆ ಕಂಡದ್ದೋ ಎಂದು ಒಮ್ಮೆ ನಿಧಾನವಾಗಿ ಕೇಳಿ. ಕಂಡದ್ದಾದರೆ, ಕೊಲೆಯ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಪ್ರಕಾಶಕರಿಗಿಂತ ಮೊದಲು ಪರಿಚಯದ ವಕೀಲರೊಬ್ಬರ ಜೊತೆ ಕುಳಿತು ಮಾತಾಡಿ. ಊರ ಮಾತಾದರೆ ಬರೆಯಿರಿ. ಪಂಚನಾಮೆಯ ಅಧ್ಯಾಯ ಮುಗಿದ ಮೇಲೆ ಕಳಿಸಿದರೆ, ಪಂಚರ ಸಹಿ ಎಲ್ಲಿ ಬರಬೇಕು ಎಂಬುದನ್ನಷ್ಟೇ ನೋಡಿ ಹಿಂದಿರುಗಿಸುತ್ತೇನೆ.